ಹುಲ್ಲುಹಾಸಿನ ರೋಗಗಳು: ಗುರುತಿಸುವ ಬಗೆ ಮತ್ತು ನಿರ್ವಹಣಾ ಕ್ರಮಗಳು

ಗ್ರಾಮ ಪಂಚಾಯತಿ ಕಚೇರಿಯ ಮುಂಭಾಗ, ಶಾಲಾ ಆವರಣ, ಗ್ರಾಮದ ಉದ್ಯಾನ ಮುಂತಾದ ಸ್ಥಳಗಳಲ್ಲಿ ಹುಲ್ಲುಹಾಸು ಬೆಳೆಸುವುದು ಈಗ ಅಪರೂಪವಲ್ಲ. ಮೊದಲ ವರ್ಷ ಹಸಿರಾಗಿ ಕಂಗೊಳಿಸಿದ ಜಾಗದಲ್ಲಿ ಮುಂದಿನ ಮಳೆಗಾಲದ ವೇಳೆಗೆ ಹಳದಿ ಅಥವಾ ಕಂದು ತೇಪೆಗಳು ಕಾಣಿಸಿಕೊಳ್ಳುವುದುಂಟು. ಆಗ ಸಾಮಾನ್ಯ ಸಭೆಯ ಮುಂದೆ ಬರುವ ಪ್ರಸ್ತಾವಗಳು ಬಹುತೇಕ ಎರಡೇ: ಔಷಧ ಸಿಂಪಡಿಸುವುದು, ಇಲ್ಲವೇ ಹುಲ್ಲನ್ನು ಕಿತ್ತು ಹೊಸದಾಗಿ ಹಾಸುವುದು. ಎರಡಕ್ಕೂ ಸಾರ್ವಜನಿಕ ಹಣ ವ್ಯಯವಾಗುತ್ತದೆ. ಕಾರಣವನ್ನು ತಿಳಿಯದೆ ಕೈಗೊಂಡಲ್ಲಿ ಎರಡೂ ನಿಷ್ಫಲವಾಗುತ್ತವೆ. ಆದುದರಿಂದ ಪ್ರಸ್ತಾವಕ್ಕೆ ಒಪ್ಪಿಗೆ ನೀಡುವ ಮುನ್ನ ಸದಸ್ಯರು ಒಮ್ಮೆ ಸ್ಥಳಕ್ಕೆ ಹೋಗಿ, ಕುಳಿತು, ಹುಲ್ಲಿನ ಎಸಳನ್ನು ಕೈಯಲ್ಲಿ ಹಿಡಿದು ನೋಡುವುದು ಅಪೇಕ್ಷಣೀಯ.

ಮೊದಲಿಗೆ, ರೋಗವಲ್ಲದ ಕಾರಣಗಳನ್ನು ಬದಿಗೆ ಸರಿಸಬೇಕು. ಮರದ ನೆರಳಿನಲ್ಲಿ ಮಾತ್ರ ಹುಲ್ಲು ತೆಳುವಾಗಿದ್ದರೆ ಅದಕ್ಕೆ ಔಷಧವಿಲ್ಲ. ನಮ್ಮ ಗರಿಕೆಯೂ ಅದರ ಸುಧಾರಿತ ತಳಿಗಳೂ ಪೂರ್ಣ ಬಿಸಿಲನ್ನು ಬೇಡುತ್ತವೆ. ಜನ ಅಡ್ಡದಾರಿ ಮಾಡಿಕೊಂಡು ನಡೆದ ಗೆರೆಯಲ್ಲಿ ಒಣಗಿದ್ದರೆ ಮಣ್ಣು ಗಟ್ಟಿಯಾಗಿದೆ ಎಂದರ್ಥ. ನಡುವೆ ಸುಟ್ಟಂತಾಗಿ ಸುತ್ತಲೂ ಕಡುಹಸಿರು ಬಳೆ ಇರುವ ಸಣ್ಣ ತೇಪೆ ನಾಯಿಯ ಮೂತ್ರದಿಂದ ಆದದ್ದು. ಒಣಗಿದ ಹುಲ್ಲನ್ನು ಹಿಡಿದು ಎಳೆದಾಗ ಚಾಪೆಯಂತೆ ಎದ್ದು ಬಂದರೆ ಬೇರನ್ನು ಗೊಣ್ಣೆ ಹುಳು ತಿಂದಿರುವ ಸಂಭವ ಹೆಚ್ಚು. ಮಣ್ಣನ್ನು ನಾಲ್ಕು ಬೆರಳು ಕೆದಕಿದರೆ ಬಿಳಿಯ, ಬಾಗಿದ ಹುಳುಗಳು ಸಿಗುತ್ತವೆ. ಎಸಳುಗಳ ತುದಿ ಮಾತ್ರ ಹರಿದು ಬಿಳಿಚಿದ್ದರೆ ಕತ್ತರಿಸುವ ಯಂತ್ರದ ಅಲಗು ಮೊಂಡಾಗಿದೆ. ಇವಾವುದಕ್ಕೂ ಶಿಲೀಂಧ್ರನಾಶಕದಿಂದ ಪ್ರಯೋಜನವಿಲ್ಲ.

ಇನ್ನು ರೋಗಗಳು. ಇವುಗಳ ಹೆಸರು ಹೊಸದೆನಿಸಿದರೂ ಕುಲ ನಮ್ಮ ರೈತರಿಗೆ ಅಪರಿಚಿತವಲ್ಲ. ಮೋಡ ಕವಿದು ತೇವ ಹೆಚ್ಚಿದ ದಿನಗಳಲ್ಲಿ ದುಂಡಗೆ ಹರಡುವ ಕಂದು ತೇಪೆ ರೋಗಕ್ಕೆ ಕಾರಣವಾಗುವ ರೈಜೋಕ್ಟೋನಿಯಾ ಎಂಬ ಶಿಲೀಂಧ್ರವೇ ಭತ್ತದಲ್ಲಿ ಎಲೆಕವಚದ ಅಂಗಮಾರಿಯನ್ನೂ ತರುತ್ತದೆ. ತೇಪೆ ಒಂದು ಗೇಣಿನಿಂದ ಆರಂಭವಾಗಿ ಒಂದು ಮೀಟರ್ ಮೀರಿಯೂ ಬೆಳೆಯಬಹುದು. ಎಸಳನ್ನು ಎಳೆದರೆ ಬುಡದಲ್ಲಿ ಕೊಳೆತು ಸುಲಭವಾಗಿ ಕಳಚಿ ಬರುತ್ತದೆ. ಬೆಳಗಿನ ಇಬ್ಬನಿಯಲ್ಲಿ ಕೆಲವೊಮ್ಮೆ ತೇಪೆಯ ಅಂಚಿನಲ್ಲಿ ಹೊಗೆಬಣ್ಣದ ಉಂಗುರ ಕಾಣುತ್ತದೆ.

ನಾಣ್ಯ ಚುಕ್ಕೆ ರೋಗದ ತೇಪೆಗಳು ಇದಕ್ಕಿಂತ ಬಹಳ ಚಿಕ್ಕವು, ಸುಮಾರು 5 ಸೆಂಟಿಮೀಟರ್ ಅಗಲದವು. ಒಣಹುಲ್ಲಿನ ಬಣ್ಣದ ಈ ಚುಕ್ಕೆಗಳು ಹತ್ತಿರ ಹತ್ತಿರ ಮೂಡಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಒಂದೊಂದು ಎಸಳಿನ ಮೇಲೆ ನಡು ಬಿಳಿಚಿ, ಅಂಚು ಕೆಂಗಂದಾದ ಪಟ್ಟಿ ಇರುತ್ತದೆ. ಸೂರ್ಯೋದಯದ ವೇಳೆ ನೋಡಿದರೆ ಜೇಡರ ಬಲೆಯಂತಹ ಬಿಳಿ ಎಳೆಗಳು ಕಾಣಿಸುತ್ತವೆ. ಬಿಸಿಲೇರಿದ ಬಳಿಕ ಅವು ಮಾಯವಾಗುವುದರಿಂದ ಹತ್ತು ಗಂಟೆಯ ಸ್ಥಳ ಪರಿಶೀಲನೆಯಲ್ಲಿ ಈ ಗುರುತು ಸಿಗದು.

ಈ ಎರಡನ್ನು ಬೇರ್ಪಡಿಸಿ ತಿಳಿಯುವುದು ಏಕೆ ಮುಖ್ಯವೆಂದರೆ, ಚಿಕಿತ್ಸೆ ಪರಸ್ಪರ ವಿರುದ್ಧವಾಗಿದೆ. ನಾಣ್ಯ ಚುಕ್ಕೆಯೂ ತುಕ್ಕು ರೋಗವೂ ಸಾರಜನಕ ಕಡಿಮೆಯಾದ, ಸೊರಗಿದ ಹುಲ್ಲಿಗೆ ಬರುತ್ತವೆ. ಸ್ವಲ್ಪ ಗೊಬ್ಬರ ನೀಡಿದರೆ ಹುಲ್ಲು ಚೇತರಿಸಿಕೊಳ್ಳುತ್ತದೆ. ಕಂದು ತೇಪೆ ರೋಗವಾದರೋ ಯೂರಿಯಾ ಹೆಚ್ಚಾಗಿ ಮೆತ್ತಗೆ ಬೆಳೆದ ಹುಲ್ಲಿನಲ್ಲಿಯೇ ವೇಗವಾಗಿ ಹಬ್ಬುತ್ತದೆ. ಹಳದಿ ಕಂಡೊಡನೆ ಒಂದು ಹಿಡಿ ಯೂರಿಯಾ ಎರಚುವ ಅಭ್ಯಾಸ ಒಂದು ಕಡೆ ಮದ್ದಾದರೆ ಇನ್ನೊಂದು ಕಡೆ ರೋಗಕ್ಕೇ ಆಹಾರವಾಗುತ್ತದೆ. ತುಕ್ಕು ರೋಗವನ್ನು ಗುರುತಿಸಲು ಕಷ್ಟವಿಲ್ಲ: ಹುಲ್ಲಿನ ಮೇಲೆ ನಡೆದವರ ಪಾದರಕ್ಷೆಗೆ ಕಿತ್ತಳೆ ಬಣ್ಣದ ಪುಡಿ ಅಂಟಿರುತ್ತದೆ.

ಅತ್ಯಂತ ಶೀಘ್ರವಾಗಿ ಹಾನಿ ಮಾಡುವುದು ಪಿಥಿಯಂ ಕೊಳೆ. ಬಿಸಿ ಹವೆಯಲ್ಲಿ ನೀರು ನಿಂತ ಕಡೆ ಹುಲ್ಲು ಎಣ್ಣೆ ಸವರಿದಂತೆ ಕಪ್ಪಾಗಿ, ಜಿಡ್ಡಾಗಿ ಒರಗುತ್ತದೆ. ಮುಂಜಾನೆ ಹತ್ತಿಯಂತಹ ಬೆಳವಣಿಗೆ ಕಾಣುತ್ತದೆ. ತೇಪೆಗಳು ದುಂಡಗಿರದೆ ನೀರು ಹರಿದ ಜಾಡಿನಲ್ಲಿ ಅಥವಾ ಯಂತ್ರ ಓಡಿದ ಸಾಲಿನಲ್ಲಿ ಉದ್ದಕ್ಕೆ ಹಬ್ಬುವುದೇ ಇದರ ಖಚಿತ ಗುರುತು. ಪಿಥಿಯಂ ನಿಜವಾದ ಶಿಲೀಂಧ್ರವಲ್ಲ; ಅಡಿಕೆಗೆ ಕೊಳೆರೋಗ ತರುವ ಫೈಟಾಪ್ತೊರಾದ ಬಳಗಕ್ಕೆ ಸೇರಿದ್ದು. ಅಂಗಡಿಯಲ್ಲಿ ಕೇಳಿದೊಡನೆ ಸಾಮಾನ್ಯವಾಗಿ ಕೊಡುವ ಕಾರ್ಬೆಂಡಜಿಮ್ ಈ ಬಳಗದ ಮೇಲೆ ಪರಿಣಾಮ ಬೀರುವುದಿಲ್ಲ. ರೋಗ ಯಾವುದೆಂದು ತಿಳಿಯದೆ ಖರೀದಿಸಿದ ಔಷಧಕ್ಕೆ ತೆತ್ತ ಹಣ ಇಂತಹ ಕಡೆಯೇ ನೀರುಪಾಲಾಗುವುದು.

ಗರಿಕೆಯಲ್ಲಿ ಆಗಾಗ ಕಂಡುಬರುವ ಇನ್ನೊಂದು ತೊಂದರೆ ಬಿಳಿ ಎಲೆ ರೋಗ. ಎಸಳುಗಳು ಹಾಲಿನಂತೆ ಬೆಳ್ಳಗಾಗಿ, ಚಿಕ್ಕದಾಗಿ, ಗೊಂಚಲಾಗಿ ಬೆಳೆಯುತ್ತವೆ. ಬದನೆಯ ಕಿರು ಎಲೆ ರೋಗದಂತೆ ಇದಕ್ಕೂ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಾಣು ಕಾರಣ. ಸಿಂಪಡಣೆಯಿಂದ ಇದು ಗುಣವಾಗದು. ಆ ಭಾಗವನ್ನು ಬೇರುಸಹಿತ ಅಗೆದು ತೆಗೆದು, ಆರೋಗ್ಯವಂತ ಹುಲ್ಲನ್ನು ನೆಡುವುದೊಂದೇ ಮಾರ್ಗ. ಹೊಸ ಹುಲ್ಲುಹಾಸಿಗೆ ಖರೀದಿಸುವ ಸಸಿ ಅಥವಾ ಚಪ್ಪಡಿಗಳಲ್ಲಿ ಇಂತಹ ಬಿಳಿ ಗೊಂಚಲು ಇದ್ದರೆ ಸರಬರಾಜನ್ನು ಒಪ್ಪಿಕೊಳ್ಳಬಾರದು. ಮಳೆಗಾಲದಲ್ಲಿ ವೃತ್ತಾಕಾರವಾಗಿ ಏಳುವ ಅಣಬೆಗಳು ಮಣ್ಣಿನಡಿ ಕೊಳೆಯುತ್ತಿರುವ ಬೇರು ಅಥವಾ ಮರದ ತುಂಡಿನ ಸೂಚನೆ. ಶಾಲಾ ಆವರಣದಲ್ಲಿ ಅವನ್ನು ಆಯ್ದು ತೆಗೆಯಿಸಬೇಕು, ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಬೇಕು.

ಮೇಲಿನ ಶಿಲೀಂಧ್ರ ರೋಗಗಳಿಗೂ ಪಿಥಿಯಂ ಕೊಳೆಗೂ ಸಮಾನವಾದ ಒಂದು ಅಂಶವಿದೆ: ಎಸಳು ಗಂಟೆಗಟ್ಟಲೆ ಒದ್ದೆಯಾಗಿರಬೇಕು. ಸಂಜೆ ನೀರು ಹಾಯಿಸಿದ ಹುಲ್ಲು ಮರುದಿನ ಬಿಸಿಲೇರುವವರೆಗೆ ಒಣಗುವುದಿಲ್ಲ. ಆದ್ದರಿಂದ ನೀರು ಹಾಯಿಸುವ ಕೆಲಸವನ್ನು ಬೆಳಗಿನ ಜಾವಕ್ಕೆ ಬದಲಿಸುವುದೇ ಮೊದಲ ಚಿಕಿತ್ಸೆ, ಅದಕ್ಕೆ ಖರ್ಚೂ ಇಲ್ಲ. ವಿದ್ಯುತ್ ರಾತ್ರಿ ಮಾತ್ರ ಲಭ್ಯವಿರುವ ಕಡೆ ತೊಟ್ಟಿ ತುಂಬಿಸಿಟ್ಟು ಬೆಳಗ್ಗೆ ಬಿಡುವಂತೆ ನೀರುಗಂಟಿಗೆ ಸೂಚಿಸಬಹುದು. ಪ್ರತಿದಿನ ಸ್ವಲ್ಪ ಸ್ವಲ್ಪ ನೀಡುವುದಕ್ಕಿಂತ ಮೂರು ನಾಲ್ಕು ದಿನಗಳಿಗೊಮ್ಮೆ ಬೇರಿನ ಆಳಕ್ಕೆ ಇಳಿಯುವಂತೆ ನೀಡುವುದು ಲೇಸು. ಮಳೆ ಬಂದ ವಾರ ನೀರೇ ಬೇಡ.

ಇಲ್ಲಿ ಒಂದು ಲೆಕ್ಕವನ್ನು ಸದಸ್ಯರ ಗಮನಕ್ಕೆ ತರುವುದು ಉಚಿತ. ಹತ್ತು ಗುಂಟೆ, ಅಂದರೆ ಸುಮಾರು 1000 ಚದರ ಮೀಟರ್ ಹುಲ್ಲುಹಾಸಿಗೆ ದಿನಕ್ಕೆ 5 ಮಿಲಿಮೀಟರ್‌ನಂತೆ ನೀರು ಹಾಯಿಸಿದರೆ 5000 ಲೀಟರ್ ಬೇಕು. ಜಲಜೀವನ ಮಿಷನ್ ಮಾನದಂಡದಂತೆ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದರೆ ಇದು ಸುಮಾರು 90 ಜನರ ಪಾಲಿನ ನೀರು. ಬೇಡವಾದ ದಿನವೂ ಹಾಯಿಸಿದ ನೀರು ಕುಡಿಯುವ ನೀರಿಗೂ ಕೊರತೆ, ಹುಲ್ಲಿಗೂ ರೋಗ.

ಕತ್ತರಿಸುವಾಗ ಒಮ್ಮೆಗೆ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಹುಲ್ಲು ಒದ್ದೆಯಿರುವಾಗ ಕತ್ತರಿಸಬಾರದು. ರೋಗವಿರುವ ಭಾಗವನ್ನು ಕೊನೆಯಲ್ಲಿ ಕತ್ತರಿಸಿ ಯಂತ್ರವನ್ನು ತೊಳೆದಿಡಬೇಕು. ಗಟ್ಟಿಯಾದ ನೆಲಕ್ಕೆ ಕಬ್ಬಿಣದ ಮುಳ್ಳುಗೋಲಿನಿಂದ ರಂಧ್ರ ಮಾಡಿ ಮರಳು ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ತುಂಬಿಸಿದರೆ ನೀರು ಬಸಿಯುತ್ತದೆ. ಗೊಬ್ಬರಕ್ಕೆ ಟ್ರೈಕೋಡರ್ಮಾ ಬೆರೆಸಿ ಬಳಸುವುದೂ ಒಳ್ಳೆಯದೇ, ಆದರೆ ಅದು ಮುನ್ನೆಚ್ಚರಿಕೆ. ಹಬ್ಬಿದ ರೋಗವನ್ನು ಎರಡು ದಿನದಲ್ಲಿ ನಿಲ್ಲಿಸುವ ಮದ್ದಲ್ಲ.

ಇಷ್ಟಾದರೂ ರೋಗ ಹಬ್ಬುತ್ತಿದ್ದಲ್ಲಿ ಮಾತ್ರ ರಾಸಾಯನಿಕದ ವಿಚಾರ. ಔಷಧ ಮತ್ತು ಪ್ರಮಾಣವನ್ನು ತೋಟಗಾರಿಕೆ ಇಲಾಖೆಯ ಅಧಿಕಾರಿಯಿಂದ ಲಿಖಿತವಾಗಿ ಪಡೆಯತಕ್ಕದ್ದು. ಡಬ್ಬಿಯ ಮೇಲಿನ ತ್ರಿಕೋನ ಚಿಹ್ನೆ ಕೆಂಪು ಅಥವಾ ಹಳದಿ ಬಣ್ಣದ್ದಾಗಿದ್ದರೆ ಅದು ತೀವ್ರ ವಿಷ. ಮಕ್ಕಳು ಉರುಳಾಡುವ ಜಾಗಕ್ಕೆ ಅದನ್ನು ತರುವುದನ್ನು ಸಭೆ ಒಪ್ಪಬಾರದು. ನೀಲಿ, ಹಸಿರು ಚಿಹ್ನೆಯವೂ ನಿರಪಾಯಕಾರಿಯಲ್ಲ. ಶಾಲೆಯಲ್ಲಾದರೆ ರಜೆಯ ಆರಂಭದ ದಿನ ಸಿಂಪಡಿಸಿ, ಹಗ್ಗ ಕಟ್ಟಿ ಫಲಕ ಹಾಕಬೇಕು. ಸಿಂಪಡಿಸುವ ಕಾರ್ಮಿಕರಿಗೆ ಕೈಗವಸು ಮತ್ತು ಮುಖಗವಸು ಒದಗಿಸುವುದು ಪಂಚಾಯತಿಯ ಹೊಣೆ. ಬಹಳಷ್ಟು ಗ್ರಾಮಗಳಲ್ಲಿ ಕತ್ತರಿಸಿದ ಹುಲ್ಲನ್ನು ಯಾರಾದರೂ ಹಸುವಿಗೆ ಒಯ್ಯುತ್ತಾರೆ. ಸಿಂಪಡಿಸಿದ ಹುಲ್ಲನ್ನು ಮೇವಿಗೆ ಕೊಡದಂತೆ ಮುಂಚಿತವಾಗಿಯೇ ಡಂಗುರ ಅಥವಾ ಧ್ವನಿವರ್ಧಕದ ಮೂಲಕ ತಿಳಿಸಬೇಕು.

ಗುರುತು ಸ್ಪಷ್ಟವಾಗದಿದ್ದರೆ ಸಿಂಪಡಿಸುವ ಮೊದಲೇ ಮಾದರಿ ಕಳುಹಿಸಬೇಕು. ಪೂರ್ತಿ ಒಣಗಿದ ನಡುಭಾಗದಿಂದ ಏನೂ ತಿಳಿಯದು. ಹಸಿರು ಮತ್ತು ಕಂದು ಕೂಡುವ ಅಂಚಿನಲ್ಲಿ ಒಂದು ಅಂಗೈ ಅಗಲ, ಎರಡು ಮೂರು ಬೆರಳು ಆಳ ಮಣ್ಣುಸಹಿತ ಕತ್ತರಿಸಿ, ಪ್ಲಾಸ್ಟಿಕ್ ಚೀಲದ ಬದಲು ದಿನಪತ್ರಿಕೆಯಲ್ಲಿ ಸುತ್ತಿ, ಅದೇ ದಿನ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸುವುದು. ಜೊತೆಗೆ ಕೊನೆಯ ಬಾರಿ ನೀರು, ಗೊಬ್ಬರ, ಔಷಧ ನೀಡಿದ ದಿನಾಂಕಗಳನ್ನು ಹಾಗೂ ತೇಪೆ ಮೊದಲು ಕಂಡ ದಿನವನ್ನು ಬರೆದ ಚೀಟಿ ಇರಲಿ.