ಜೇಬಿನಿಂದ ಮಣಿಕಟ್ಟಿಗೆ

ಯುರೋಪಿನ ಗಂಡಸರು ಕೈಗೆ ಗಡಿಯಾರ ಕಟ್ಟಿಕೊಳ್ಳಲು ನಾಚುತ್ತಿದ್ದ ಕಾಲವೊಂದಿತ್ತು. ಗಂಡಸಿನ ಗಡಿಯಾರ ಸರಪಳಿಗೆ ಸಿಕ್ಕಿಸಿಕೊಂಡು ಕೋಟಿನ ಜೇಬಿನಲ್ಲಿರಬೇಕು. ಮಣಿಕಟ್ಟಿನ ಪುಟ್ಟ ಗಡಿಯಾರವೋ ಹೆಂಗಸರ ಬಳೆಯ ಸಾಲಿನದು. ಅಷ್ಟು ಚಿಕ್ಕ ಯಂತ್ರ ಮಾಡುವ ಕುಶಲಿಗಳು 19ನೇ ಶತಮಾನದಲ್ಲೇ ಇದ್ದರು. ಕಟ್ಟಿಕೊಳ್ಳುವ ಮನಸ್ಸು ಮಾತ್ರ ಗಂಡಸರಿಗೆ ಇರಲಿಲ್ಲ.

ಎರಡೂ ಕೈಗಳಿಗೆ ಕೆಲಸ ಬಿದ್ದಾಗ ಆ ಮನಸ್ಸು ಬಂತು. ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಬ್ರೆಜಿಲಿನ ವೈಮಾನಿಕ ಸ್ಯಾಂಟೋಸ್ ಡ್ಯೂಮಾಂಟ್‌ಗೆ ಹಾರಾಟದ ನಡುವೆ ಜೇಬು ತಡಕುವುದು ತೊಡಕಾಗಿತ್ತು. 1904ರಲ್ಲಿ ಗೆಳೆಯ ಲೂಯಿ ಕಾರ್ಟಿಯೇ ಅವನಿಗೆಂದೇ ಒಂದು ಕೈಗಡಿಯಾರ ಮಾಡಿಸಿಕೊಟ್ಟ. ಹತ್ತು ವರ್ಷ ಕಳೆದು ಮೊದಲ ಮಹಾಯುದ್ಧ ಬಂತು. ಫಿರಂಗಿಗಳ ಗುಂಡಿನ ಮಳೆ ಗೊತ್ತಾದ ನಿಮಿಷಕ್ಕೆ ಮುಂದೆ ಸರಿಯುತ್ತಿತ್ತು, ಅದರ ಬೆನ್ನಿಗೇ ಕಾಲಾಳುಗಳು ಕಂದಕದಿಂದೇಳಬೇಕು. ಒಂದು ನಿಮಿಷ ಮುಂಚೆ ಎದ್ದರೆ ತಮ್ಮವರ ಗುಂಡಿಗೇ ಬಲಿ. ಆ ಕಂದಕಗಳಿಂದ ಬದುಕಿ ಬಂದವನ ಮಣಿಕಟ್ಟಿನ ಗಡಿಯಾರವನ್ನು ಹೆಂಗಸರ ಒಡವೆ ಎನ್ನಲು ಯಾರಿಗೆ ಬಾಯಿ ಬಂದೀತು?

ಜನ ಹೊಸ ಯಂತ್ರವನ್ನು ಯಾಕೆ ಒಪ್ಪುತ್ತಾರೆಂದು ಅಮೆರಿಕದ ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ವಿವರಿಸಿದರು. ಅವರ ಪ್ರಕಾರ ಎರಡು ಪ್ರಶ್ನೆಗಳು ಮುಖ್ಯ: ಇದರಿಂದ ನನ್ನ ಕೆಲಸ ಸುಧಾರಿಸುತ್ತದೆಯೇ? ಬಳಸಲು ಸುಲಭವೇ? ಕಚೇರಿಯ ಕಂಪ್ಯೂಟರಿಗೆ ಇವೆರಡು ಸಾಕಿರಬಹುದು. ಮೈಮೇಲೆ ತೊಡುವ ವಸ್ತುವಿಗೆ ಮೂರನೆಯದೂ ಬೇಕೆಂದು ನನಗನ್ನಿಸುತ್ತದೆ: ಇದನ್ನು ತೊಟ್ಟ ನನ್ನನ್ನು ಎದುರಿನವರು ಹೇಗೆ ನೋಡುತ್ತಾರೆ?

ಗೂಗಲ್ ಗ್ಲಾಸ್ ಎಡವಿದ್ದು ಇಲ್ಲೇ. 2013ರಲ್ಲಿ 1,500 ಡಾಲರಿಗೆ ಕೆಲವರ ಕೈಸೇರಿದ ಆ ಕನ್ನಡಕದಲ್ಲಿ ಕ್ಯಾಮೆರಾ ಇತ್ತು. ಮಾತಾಡುತ್ತಿರುವಾಗ ತಮ್ಮನ್ನು ಚಿತ್ರೀಕರಿಸುತ್ತಿದ್ದಾರೋ ಇಲ್ಲವೋ ಎಂಬ ಅಳುಕು ಎದುರಿನವರಿಗೆ. ಕೆಲವು ಹೋಟೆಲು, ಬಾರುಗಳು ಅದನ್ನು ತೊಟ್ಟವರನ್ನು ಒಳಗೇ ಬಿಡಲಿಲ್ಲ. 2015ರ ಜನವರಿಯಲ್ಲಿ ಜನಸಾಮಾನ್ಯರಿಗೆ ಅದರ ಮಾರಾಟ ನಿಂತಿತು.

ನಮ್ಮಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ನಡೆದಿತ್ತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನ ಎಚ್‌ಎಂಟಿ ಕೈಗಡಿಯಾರ ತಯಾರಿಸತೊಡಗಿತು. ಮುಂದೆ ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ಹಸೆಮಣೆ ಏರುವ ಅಳಿಯನಿಗೆ ಮನೆಯವರೇ ವಾಚು ಕೊಡಿಸಿದರು. ಹಿರಿಯರ ಕೈಯಿಂದ ಬಂದ ವಸ್ತುವಿಗೆ ಮಾನ ತಾನಾಗಿ ಬರುತ್ತದೆ. ದಿನಾ ಬೆಳಿಗ್ಗೆ ಕೀ ಕೊಡುವುದೂ ಯಾರಿಗೂ ಕಿರಿಕಿರಿ ಎನಿಸಲಿಲ್ಲ, ಅರ್ಧ ನಿಮಿಷದ ಕೆಲಸ. ಇಂದಿನ ಸ್ಮಾರ್ಟ್‌ವಾಚನ್ನೋ ಕೈಯಿಂದ ಬಿಚ್ಚಿ ಚಾರ್ಜಿಗಿಡಬೇಕು. ಬಿಚ್ಚಿಟ್ಟದ್ದು ಮರಳಿ ಕೈಗೇರದೆ ಮೇಜಿನ ಮೂಲೆ ಸೇರುವುದು ಹೀಗೆಯೇ.

ಕೊಳ್ಳಲು ಇರುವ ಕಾರಣವೇ ತೊಟ್ಟುಕೊಂಡಿರಲೂ ಸಾಲುವುದಿಲ್ಲ. ಹೆಜ್ಜೆ ಎಣಿಸಲೆಂದು ಕೊಳ್ಳುವವರ ಮುಂದಿರುವ ದಿನಕ್ಕೆ 10,000 ಹೆಜ್ಜೆ ಎಂಬ ಗುರಿ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಮಾಪಕದ ಹೆಸರಿನಿಂದ ಹುಟ್ಟಿದ್ದು, ವೈದ್ಯರ ಲೆಕ್ಕದಿಂದಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ತೂಕ ಇಳಿಸಲು ಬಂದ ಸುಮಾರು 470 ಯುವಜನರನ್ನು ಎರಡು ವರ್ಷ ಗಮನಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ದೇಹದ ಚಟುವಟಿಕೆ ಅಳೆಯುವ ಸಾಧನ ತೊಟ್ಟವರು ಸರಾಸರಿ 3.5 ಕಿಲೋ ಇಳಿದಿದ್ದರೆ, ತೊಡದೆ ಪಥ್ಯ, ವ್ಯಾಯಾಮಗಳನ್ನು ತಾವೇ ದಾಖಲಿಸಿಕೊಂಡವರು 5.9 ಕಿಲೋ ಇಳಿದಿದ್ದರು.

ಇನ್ಸುಲಿನ್ ತೆಗೆದುಕೊಳ್ಳುವವರ ಮಾತು ಬೇರೆ. ತೋಳಿಗೆ ಅಂಟಿಸಿಕೊಳ್ಳುವ ಪುಟ್ಟ ಸೆನ್ಸರ್ ಕೆಲವು ನಿಮಿಷಕ್ಕೊಮ್ಮೆ ಸಕ್ಕರೆಯ ಮಟ್ಟ ತೋರಿಸುತ್ತದೆ. ಮಲಗಿದ ಮಗುವಿನ ಸಕ್ಕರೆ ನಡುರಾತ್ರಿ ಕುಸಿದರೆ ತಾಯಿಯ ಫೋನು ಕೂಗಿ ಎಬ್ಬಿಸುತ್ತದೆ. ಅದನ್ನು ಬಿಚ್ಚಿಡುವ ಯೋಚನೆ ಆ ಮನೆಯಲ್ಲಿ ಯಾರಿಗೂ ಬಾರದು. ಆದರೆ ಒಂದು ಸೆನ್ಸರ್ ಬಾಳುವುದು ಸುಮಾರು ಎರಡು ವಾರ, ಆಮೇಲೆ ಹೊಸದು ಕೊಳ್ಳಬೇಕು. ಕೊಳ್ಳುವ ಶಕ್ತಿ ಇಲ್ಲದ ಮನೆಯಲ್ಲಿ ತಾಯಿ ರಾತ್ರಿ ಅಲಾರಂ ಇಟ್ಟುಕೊಂಡು ಎದ್ದು ಮಗುವಿನ ಬೆರಳು ಚುಚ್ಚುತ್ತಾಳೆ.