ದ್ರಾಕ್ಷೀ ಬೇಸಾಯದಲ್ಲಿ ಬಳ್ಳಿ ಸವರುವ ಕ್ರಮ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಬೀಜರಹಿತವಾದ ದ್ರಾಕ್ಷಿಯೂ, ಚಿಕ್ಕಬಳ್ಳಾಪುರ, ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಕಡೆ ಬೆಂಗಳೂರು ನೀಲಿಯೆಂಬ ಜಾತಿಯೂ ವಿಶೇಷವಾಗಿ ಬೆಳೆಯಲ್ಪಡುತ್ತವೆ. ಕಲ್ಲುಕಂಬ, ತಂತಿ, ನೀರಿನ ಅನುಕೂಲ ಇವುಗಳಿಗೆ ಮೊದಲೇ ಬಹಳ ಹಣ ತಗಲುವುದರಿಂದ, ಒಂದು ವರ್ಷದ ಫಸಲು ತಪ್ಪಿದರೂ ಬೇಸಾಯಗಾರನು ಸಾಲಕ್ಕೆ ಗುರಿಯಾಗುವನು. ಹೀಗೆ ಫಸಲು ತಪ್ಪುವುದಕ್ಕೆ ಗೊಬ್ಬರದ ಕೊರತೆಯೊಂದೇ ಕಾರಣವಲ್ಲ. ಬಳ್ಳಿಯನ್ನು ಸವರುವ, ಎಂದರೆ ಚಾಟಣಿ ಮಾಡುವ, ಕ್ರಮವನ್ನು ಅಲಕ್ಷಿಸುವುದೂ ಮುಖ್ಯ ಕಾರಣವಾಗಿರುತ್ತದೆ.

ಶೀತದೇಶಗಳಲ್ಲಿ ದ್ರಾಕ್ಷೀ ಬಳ್ಳಿಯು ಚಳಿಗಾಲದಲ್ಲಿ ಎಲೆಯುದುರಿಸಿ ವಿಶ್ರಾಂತಿ ಹೊಂದುತ್ತದೆ. ಅಲ್ಲಿ ವರ್ಷಕ್ಕೊಮ್ಮೆ ಸವರಿದರೆ ಸಾಕು. ಈ ಸೀಮೆಯಲ್ಲಿ ಅಂಥ ಚಳಿಯಿಲ್ಲ. ಬಳ್ಳಿಯು ವರ್ಷವೆಲ್ಲಾ ಹಸುರಾಗಿದ್ದು ತುದಿಯಲ್ಲಿಯೇ ಚಿಗುರುತ್ತಾ ಹೋಗುವುದು. ಆದಕಾರಣ ಇಲ್ಲಿ ಎರಡು ಸಲ ಸವರತಕ್ಕದ್ದು.

ಮೊದಲನೆಯದು ಬೇಸಿಗೆಯ ಚಾಟಣಿ. ಹಣ್ಣನ್ನು ಕೊಯ್ದು, ಬಳ್ಳಿಗೆ ಕೆಲವು ದಿನ ವಿಶ್ರಾಂತಿ ಕೊಟ್ಟು, ಸುಮಾರು ಏಪ್ರಿಲ್ ತಿಂಗಳಲ್ಲಿ ಪ್ರತಿಯೊಂದು ಕಡ್ಡಿಯನ್ನೂ ಬುಡದಲ್ಲಿ ಒಂದೆರಡು ಕಣ್ಣು ಮಾತ್ರ ಉಳಿಸಿ ಕತ್ತರಿಸಬೇಕು. ಇದರಿಂದ ಬೀಜರಹಿತ ಜಾತಿಗಳಲ್ಲಿ ಒಡನೆಯೇ ಹಣ್ಣು ಬಾರದಾದಕಾರಣ ಅನೇಕರು ಇದನ್ನು ಉದಾಸೀನ ಮಾಡುವರು. ಇದು ದೊಡ್ಡ ತಪ್ಪು. ಈಗ ಬರುವ ಹೊಸ ಕಡ್ಡಿಯ ಕಣ್ಣುಗಳೊಳಗೆ, ಮುಂದಿನ ಒಂದೆರಡು ತಿಂಗಳುಗಳಲ್ಲಿ, ಬರುವ ಫಸಲಿನ ಗೊಂಚಲುಗಳು ಸೂಕ್ಷ್ಮರೂಪದಲ್ಲಿ ಹುಟ್ಟುತ್ತವೆ. ಅದಕ್ಕೆ ಬಿಸಿಲು ಅತ್ಯವಶ್ಯಕ. ಕಡ್ಡಿಗಳು ಒತ್ತಾಗಿ ಬೆಳೆದು ಒಂದಕ್ಕೊಂದು ನೆರಳಾದರೆ ಕಣ್ಣುಗಳು ಬಂಜೆಯಾಗುವುವು. ಆದ್ದರಿಂದ ಹೆಚ್ಚಿನ ಚಿಗುರುಗಳನ್ನು ಎಳೆಯದರಲ್ಲಿಯೇ ಚಿವುಟಿ, ಉಳಿದವನ್ನು ಹಂದರದ ಮೇಲೆ ಅಂತರವಿಟ್ಟು ಹರಡಿ ಕಟ್ಟಬೇಕು.

ಎರಡನೆಯದು ಫಲಕ್ಕಾಗಿ ಅಕ್ಟೋಬರಿನ ಸುಮಾರಿಗೆ ಮಾಡುವ ಚಾಟಣಿ. ಆಗ ಬಲಿತು ಕಂದುಬಣ್ಣಕ್ಕೆ ತಿರುಗಿದ ಕಡ್ಡಿಗಳಲ್ಲಿ, ಜಾತಿಯನ್ನೂ ಕಡ್ಡಿಯ ದಪ್ಪವನ್ನೂ ನೋಡಿ, ಸಾಮಾನ್ಯವಾಗಿ 5 ರಿಂದ 8 ಕಣ್ಣುಗಳನ್ನು ಬಿಟ್ಟು ತುದಿಯನ್ನು ಕತ್ತರಿಸುವರು. ಸುಮಾರು ನಾಲ್ಕು ತಿಂಗಳುಗಳ ತರುವಾಯ ಹಣ್ಣು ಪಕ್ವವಾಗುವುದು. ಬೆಂಗಳೂರು ನೀಲಿಯಲ್ಲಿಯಾದರೋ ಬುಡದ ಕಣ್ಣುಗಳೂ ಫಲ ಕೊಡುವುದರಿಂದ, ಎರಡು ಸಲ ಸವರಿ ವರ್ಷಕ್ಕೆ ಎರಡು ಫಸಲು ತೆಗೆಯುವ ವಾಡಿಕೆಯಿದೆ.

ಅಕ್ಟೋಬರಿನ ಚಿಗುರಿಗೆ ಹಿಂಗಾರು ಮಳೆ ತಗಲಿದರೆ ಬೂಜುರೋಗವು ಹತ್ತುವುದು. ಎಲೆಯ ಕೆಳಮೈಯಲ್ಲಿ ಬಿಳಿಯ ಬೂಜು ಕಾಣಿಸಿ, ಹೂಗೊಂಚಲುಗಳು ಕಂದಿ ಒಣಗುತ್ತವೆ. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ಹಣ್ಣು ಕದಿಯದಂತೆ ಅಂಚಿನ ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಎರಚುತ್ತಿದ್ದರು. ಆ ಬಳ್ಳಿಗಳು ಮಾತ್ರ ರೋಗದಿಂದ ಉಳಿದದ್ದನ್ನು ಕಂಡ ಮಿಲಾರ್ಡೆ ಎಂಬ ವಿದ್ವಾಂಸನು 1885 ರಲ್ಲಿ ಈ ಔಷಧವನ್ನು ಪ್ರಕಟಪಡಿಸಿದನು.

ಇದನ್ನು ತಯಾರಿಸುವ ಬಗೆ: 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿಯೂ, 1 ಕಿಲೋ ಸುಡುಸುಣ್ಣವನ್ನು ಅರಳಿಸಿ ಬೇರೆ 50 ಲೀಟರ್ ನೀರಿನಲ್ಲಿಯೂ ಕರಗಿಸಿ ಸೋಸಬೇಕು. ಬಳಿಕ ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಕಬ್ಬಿಣದ ಪಾತ್ರೆ ಕೂಡದು. ಹೊಳಪಾದ ಕಬ್ಬಿಣದ ಚಾಕುವನ್ನು ಅದ್ದಿದಾಗ ತಾಮ್ರದ ಕೆಂಪು ಅಂಟಿದರೆ ಇನ್ನಷ್ಟು ಸುಣ್ಣದ ನೀರನ್ನು ಬೆರೆಸಬೇಕು. ದ್ರಾವಣವನ್ನು ಅಂದಂದೇ ಉಪಯೋಗಿಸತಕ್ಕದ್ದು. ಎಳೆಯ ಚಿಗುರಿಗೆ ಅರ್ಧ ಹದದ್ದೇ ಉತ್ತಮ.

ರೋಗದ ಬೀಜಕಣಗಳು ಗಾಳಿಯಲ್ಲಿ ಹರಡುವುದರಿಂದ ಒಬ್ಬನ ತೋಟದ ಉದಾಸೀನವು ನೆರೆಯವನ ತೋಟಕ್ಕೂ ಕೇಡಾಗುವುದು. ಕತ್ತರಿಸಿದ ಕಡ್ಡಿ, ರೋಗದ ಎಲೆಗಳನ್ನು ಹಂದರದ ಕೆಳಗೆ ಬಿಡದೆ ಕೂಡಲೇ ತೆಗೆದು ಹೂಳಿಸಬೇಕು. ಗ್ರಾಮದ ಮುಖ್ಯಸ್ಥರೂ ಭೂಮಾಲೀಕರೂ ತಮ್ಮ ತೋಟಗಳಲ್ಲಿ ಈ ಕ್ರಮವನ್ನು ಮೊದಲು ನಡೆಸಿ ತೋರಿಸಿದಲ್ಲಿ, ಸಣ್ಣ ಹಿಡುವಳಿದಾರರು ಅದನ್ನು ಕಂಡು ತಾವಾಗಿಯೇ ಅನುಸರಿಸುವರು.