ಎರಡು ಗಡಿಯಾರಗಳು ಸಂಧಿಸುವಲ್ಲಿ

ಕೋಲಾಟದಲ್ಲಿ ತಾಳ ಬಿದ್ದಾಗಲೇ ಕೋಲಿಗೆ ಕೋಲು ತಾಗಬೇಕು. ಡಿಜಿಟಲ್ ಮಂಡಲಗಳ ಕ್ರಮವೂ ಇದೇ. ಗಡಿಯಾರ ಸ್ಪಂದ ಏರಿದ ಕ್ಷಣದಲ್ಲಿ ಪ್ರತಿಯೊಂದು ಫ್ಲಿಪ್-ಫ್ಲಾಪ್ ತನ್ನ ಬಾಗಿಲಲ್ಲಿ ನಿಂತಿರುವ ಅಂಕಿಯನ್ನು, ಎಂದರೆ 0 ಅಥವಾ 1ನ್ನು, ಒಳಕ್ಕೆ ತೆಗೆದುಕೊಂಡು ಮುಂದಿನ ಸ್ಪಂದದವರೆಗೆ ಹಿಡಿದಿಡುತ್ತದೆ. ಇದಕ್ಕೊಂದು ಷರತ್ತಿದೆ. ಸ್ಪಂದ ಏರುವ ತುಸು ಮೊದಲಿನಿಂದ ತುಸು ಅನಂತರದವರೆಗೆ ಆ ಅಂಕಿ ಬದಲಾಗಬಾರದು. ಇಡೀ ಮಂಡಲಕ್ಕೆ ಒಂದೇ ಗಡಿಯಾರವಿದ್ದರೆ ವಿನ್ಯಾಸಕಾರರು ತಂತಿಗಳ ಉದ್ದವನ್ನೂ ಗೇಟುಗಳ ವಿಳಂಬವನ್ನೂ ಲೆಕ್ಕ ಹಾಕಿ ಈ ಷರತ್ತನ್ನು ಪಾಲಿಸಬಲ್ಲರು.

ಗಡಿಯಾರಗಳು ಎರಡಾದರೆ? ನಿಮ್ಮ ಕೈಗಡಿಯಾರದ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದು ಹತ್ತು ಲಕ್ಷದಲ್ಲಿ 20 ಭಾಗದಷ್ಟು ತಪ್ಪಿದರೆ ದಿನಕ್ಕೆ ಸುಮಾರು 1.7 ಸೆಕೆಂಡ್ ವ್ಯತ್ಯಾಸ. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ 10 ಮೆಗಾಹರ್ಟ್ಸ್‌ನ ಎರಡು ಹರಳುಗಳ ನಡುವೆ ಇಷ್ಟೇ ಅಂತರವಿದ್ದರೂ ಅವುಗಳ ಸ್ಪಂದಗಳು ಸೆಕೆಂಡಿಗೆ 200 ಸಲ ಒಂದನ್ನೊಂದು ದಾಟಿ ಹೋಗುತ್ತವೆ. ಒಂದೇ ಹಲಗೆಯ ಮೇಲಿನ ಗಡಿಯಾರಗಳನ್ನು ಫೇಸ್ ಲಾಕ್ಡ್ ಲೂಪ್ ಎಂಬ ಮಂಡಲದಿಂದ ಒಂದಕ್ಕೊಂದು ಬಿಗಿಯಬಹುದು. ದೂರದ ಇನ್ನೊಂದು ಕಂಪ್ಯೂಟರಿನಿಂದ ಜಾಲದ ಮೂಲಕ ಬರುವ ಸಂಕೇತವನ್ನು ಹಾಗೆ ಬಿಗಿಯುವುದು ಸುಲಭವಲ್ಲ. ಕೀಲಿಮಣೆಯನ್ನು ಒತ್ತುವ ನಿಮ್ಮ ಬೆರಳಿಗಂತೂ ಯಾವ ಗಡಿಯಾರದ ಹಂಗೂ ಇಲ್ಲ!

ಹೀಗೆ ಹೊರಗಿನಿಂದ ಬಂದ ಅಂಕಿ ಸ್ಪಂದ ಏರುವ ಕ್ಷಣದಲ್ಲೇ ಬದಲಾದರೆ ಏನಾಗುತ್ತದೆ? ಫ್ಲಿಪ್-ಫ್ಲಾಪ್‌ನ ಒಡಲಲ್ಲಿ ಎರಡು ವರ್ಧಕಗಳು ಎದುರುಬದುರಾಗಿ ಜೋಡಣೆಗೊಂಡಿವೆ. ಒಂದರಿಂದ ಹೊರಬಂದದ್ದು ಇನ್ನೊಂದರೊಳಕ್ಕೆ ಹೋಗುತ್ತದೆ. ಈ ಜೋಡಿಗೆ ಸ್ಥಿರವಾದ ನೆಲೆಗಳು ಎರಡು. ಅವುಗಳ ನಡುವೆ ದಿಬ್ಬದ ತುದಿಯಂಥ ಮೂರನೆಯದೊಂದು ಇದೆ. ಅಲ್ಲಿ ನಿಂತ ಗೋಲಿ ಒಂದಲ್ಲ ಒಂದು ಕಡೆಗೆ ಉರುಳುವುದು ಖಂಡಿತ. ಯಾವಾಗ ಎಂಬುದು ಮಾತ್ರ ಅನಿಶ್ಚಿತ. ಇದನ್ನು ಮೆಟಾಸ್ಟೆಬಿಲಿಟಿ ಎನ್ನುತ್ತಾರೆ. ನಾವು ಅರೆಸ್ಥಿರತೆ ಎನ್ನೋಣ. ಈ ತೂಗಾಟದ ವೋಲ್ಟೇಜನ್ನು ಮುಂದಿನ ಒಂದು ಗೇಟು 0 ಎಂದೂ ಪಕ್ಕದ ಗೇಟು 1 ಎಂದೂ ಓದಿಕೊಂಡರೆ ಯಂತ್ರ ದಾರಿ ತಪ್ಪಿತೆಂದೇ ಅರ್ಥ. ಅಂಥ ದೋಷವನ್ನು ಮತ್ತೆ ಬೇಕೆಂದಾಗ ತೋರಿಸಲೂ ಆಗುವುದಿಲ್ಲ.

ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಥಾಮಸ್ ಚೇನಿ ಮತ್ತು ಚಾರ್ಲ್ಸ್ ಮೊಲ್ನಾರ್ 1973ರಲ್ಲಿ ಆಸಿಲೋಸ್ಕೋಪಿನ ಚಿತ್ರಗಳ ಸಹಿತ ಈ ವರ್ತನೆಯನ್ನು ವರದಿ ಮಾಡಿದರು. ಆಗ ಇದನ್ನು ನಂಬಲು ಹಿಂಜರಿದ ಎಂಜಿನಿಯರುಗಳು ಕಡಮೆಯೇನಲ್ಲ.

ತೂಗಾಟಕ್ಕೆ ಗರಿಷ್ಠ ಕಾಲಮಿತಿ ಇಲ್ಲ. ಅದು ವಿಕಿರಣಪಟು ವಸ್ತುವಿನ ಕ್ಷಯದಂತೆ ನಡೆಯುತ್ತದೆ. ಒಂದು ಲೆಕ್ಕ ಮಾಡೋಣ. ಗಡಿಯಾರ 1 ಗಿಗಾಹರ್ಟ್ಸ್‌ನದು, ಅಂದರೆ ಸ್ಪಂದದಿಂದ ಸ್ಪಂದಕ್ಕೆ 1000 ಪಿಕೋಸೆಕೆಂಡ್. ಅದರಲ್ಲಿ ಅಪಾಯದ ಕಿಂಡಿ 50 ಪಿಕೋಸೆಕೆಂಡ್ ಎಂದಿಟ್ಟುಕೊಳ್ಳಿ. ಹೊರಗಿನ ಸಂಕೇತ ಸೆಕೆಂಡಿಗೆ 10 ಕೋಟಿ ಸಲ ಬದಲಾದರೆ ಇಪ್ಪತ್ತರಲ್ಲಿ ಒಂದು, ಎಂದರೆ 50 ಲಕ್ಷ ಬದಲಾವಣೆಗಳು ಕಿಂಡಿಯೊಳಗೆ ಬೀಳುತ್ತವೆ. ಇನ್ನೂ ತೂಗಾಡುತ್ತಿರುವವುಗಳ ಸಂಖ್ಯೆ ಪ್ರತಿ 50 ಪಿಕೋಸೆಕೆಂಡಿಗೆ 2.718ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ ಎನ್ನೋಣ. ಎರಡನೆಯ ಫ್ಲಿಪ್-ಫ್ಲಾಪ್ ಒಂದನ್ನು ಹಿಂದೆ ಜೋಡಿಸಿ, ಒಂದು ಸ್ಪಂದಕಾಲ ಪೂರ್ತಿ ಕಾದರೆ? ಅಷ್ಟರಲ್ಲಿ ಇಂಥ ಇಳಿತ 20 ಸಲ ಆಗಿರುತ್ತದೆ; ಉಳಿಯುವುದು ಸುಮಾರು 48.5 ಕೋಟಿಯಲ್ಲಿ ಒಂದು. ಆದರೂ ಸರಾಸರಿ 97 ಸೆಕೆಂಡಿಗೊಮ್ಮೆ ತಪ್ಪು ನುಸುಳುತ್ತದೆ. ಮೂರನೆಯದನ್ನು ಸೇರಿಸಿ ಇನ್ನೊಂದು ಸ್ಪಂದಕಾಲ ಕಾದರೆ 97 ಸೆಕೆಂಡ್ ಹೋಗಿ ಸುಮಾರು 1500 ವರ್ಷವಾಗುತ್ತದೆ!

1500 ವರ್ಷ ಸಾಕಲ್ಲವೇ ಎನ್ನಬೇಡಿ. ಇಂಥ ಹತ್ತು ಲಕ್ಷ ಉಪಕರಣಗಳು ಮಾರಾಟವಾಗಿ ಎಡೆಬಿಡದೆ ನಡೆಯುತ್ತಿದ್ದರೆ, ಎಲ್ಲೋ ಒಂದೆಡೆ 13 ಗಂಟೆಗೊಮ್ಮೆ ತಪ್ಪು ಆಗುತ್ತಿರುತ್ತದೆ. ಅದು ಆಸ್ಪತ್ರೆಯ ಯಂತ್ರವೂ ಆಗಿರಬಹುದು. ನಾಲ್ಕನೆಯ ಫ್ಲಿಪ್-ಫ್ಲಾಪ್ ಇದ್ದರೆ ಆ 13 ಗಂಟೆ ಏಳು ಲಕ್ಷ ವರ್ಷಗಳಾಗುತ್ತದೆ. ಬೆಲೆ, ಇನ್ನೂ ಒಂದು ನ್ಯಾನೋಸೆಕೆಂಡಿನ ವಿಳಂಬ. ಇದು ಬಹಳ ಅಗ್ಗದ ವಿಮೆ ಎಂದು ನನ್ನ ಅಭಿಪ್ರಾಯ.

ತೂಗಾಟವನ್ನು ಪತ್ತೆ ಹಚ್ಚುವ ಮಂಡಲವನ್ನೇ ಇಟ್ಟರೆ ಹೇಗೆ? ಪ್ರತಿ ವರ್ಷವೂ ತರಗತಿಯಲ್ಲಿ ಯಾರಾದರೊಬ್ಬರು ಕೇಳುವ ಪ್ರಶ್ನೆ ಇದು. ಕ್ರಿಕೆಟ್‌ನಲ್ಲಿ ರನ್ ಔಟ್ ಬಗ್ಗೆ ಸಂದೇಹವಿದ್ದರೆ ಬ್ಯಾಟುಗಾರ ಉಳಿಯುತ್ತಾನೆ. ಆದರೆ ಸಂದೇಹ ಇದೆಯೇ ಇಲ್ಲವೇ ಎಂಬುದನ್ನೂ ಅಂಪೈರ್ ತೀರ್ಮಾನಿಸಬೇಕಲ್ಲ! ಪತ್ತೆ ಮಂಡಲಕ್ಕೂ ‘ಇದು ತೂಗಾಟ’, ‘ಇದು ಅಲ್ಲ’ ಎಂಬ ಎರಡು ನೆಲೆಗಳಿವೆ. ಅವುಗಳ ನಡುವೆಯೂ ಒಂದು ದಿಬ್ಬವಿದೆ. ದಿಬ್ಬ ಜಾಗ ಬದಲಿಸುತ್ತದೆ, ಮಾಯವಾಗುವುದಿಲ್ಲ.

ಇಷ್ಟು ಹೊತ್ತು ಹೇಳಿದ್ದು ಒಂದು ತಂತಿಯ ಕಥೆ. ನಾಲ್ಕು ತಂತಿಗಳಲ್ಲಿ ಒಂದು ಸಂಖ್ಯೆ ಗಡಿ ದಾಟಬೇಕಾದರೆ ಪ್ರತಿ ತಂತಿಗೂ ಇದೇ ಕಾವಲು ಹಾಕಿದರೆ ಸಾಲದು. 7 ಎಂದರೆ 0111. 8 ಎಂದರೆ 1000. ನಾಲ್ಕೂ ಅಂಕಿಗಳು ಒಟ್ಟಿಗೇ ಬದಲಾಗುತ್ತವೆ. ಕೆಲವು ಹಳೆಯವು, ಕೆಲವು ಹೊಸವು ಸಿಕ್ಕಿಬಿದ್ದರೆ 0ಯಿಂದ 15ರವರೆಗೆ ಯಾವ ಸಂಖ್ಯೆಯಾದರೂ ಓದಿಗೆ ಬರಬಹುದು. ಬೆಲ್ ಪ್ರಯೋಗಾಲಯದ ಫ್ರಾಂಕ್ ಗ್ರೇ ಬೇರೊಂದು ಉದ್ದೇಶಕ್ಕಾಗಿ ರೂಪಿಸಿ 1953ರಲ್ಲಿ ಪೇಟೆಂಟ್ ಪಡೆದ ಸಂಕೇತಪದ್ಧತಿ ಇಲ್ಲಿ ನೆರವಿಗೆ ಬರುತ್ತದೆ. ಅದರಲ್ಲಿ 7 ಎಂದರೆ 0100, 8 ಎಂದರೆ 1100. ಒಂದು ಹೆಜ್ಜೆಗೆ ಒಂದೇ ಅಂಕಿ ಬದಲಾಗುತ್ತದೆ. ಒಂದು ಗಡಿಯಾರದಲ್ಲಿ ಬರೆದು ಇನ್ನೊಂದರಲ್ಲಿ ಓದುವ ಸರದಿ ಸ್ಮೃತಿಗಳಲ್ಲಿ ಎಷ್ಟು ಬರೆದಾಯಿತು ಎಂಬ ಎಣಿಕೆಯನ್ನು ಆಚೆ ದಾಟಿಸುವುದು ಹೀಗೆಯೇ. ಬದಲಾಗುತ್ತಿರುವ ಆ ಒಂದು ಅಂಕಿ ತೂಗಾಡಿ ಯಾವ ಕಡೆಗೆ ಉರುಳಿದರೂ ಓದಿಗೆ ಬರುವುದು 7 ಇಲ್ಲವೇ 8. 7 ಎಂದು ಬಂದರೆ ಮುಂದಿನ ಸ್ಪಂದದಲ್ಲಿ 8 ಕಾಣಿಸುತ್ತದೆ.